ಹರಿದ ಅಂಚಿನಲ್ಲೇ ಬೆಳಕು: ಕಾಗದ, ಬಟ್ಟೆಯ ಸ್ಟಿಲ್ ಲೈಫ್ ಕೊಲಾಜ್

(ಕೋಲಾರದಲ್ಲಿ ಚಿತ್ರಕಲಾ ಶಿಕ್ಷಕರಿಗೆ ನೀಡಿದ ಉಪನ್ಯಾಸ)

ಮಿತ್ರರೇ, ಮೇಜಿನ ಮೇಲೆ ಒಂದು ಹಿತ್ತಾಳೆ ಚೊಂಬು, ಮೂರು ಟೊಮ್ಯಾಟೊ, ಕೆಳಗೊಂದು ಚೌಕಳಿ ಟವಲು ಇದೆ. ಕೋಲಾರದಲ್ಲಿ ಟೊಮ್ಯಾಟೊಗೇನು ಬರವಿಲ್ಲ. ಹೀಗೆ ಜೋಡಿಸಿಟ್ಟ ವಸ್ತುಗಳ ಚಿತ್ರವೇ ಸ್ಟಿಲ್ ಲೈಫ್; ಅದನ್ನು ಕಾಗದ, ಬಟ್ಟೆಯ ಚೂರು ಅಂಟಿಸಿ ಮಾಡಿದರೆ ಕೊಲಾಜ್. ಇವತ್ತು ಅದನ್ನೇ ಮಾಡೋಣ. ಕತ್ತರಿಯನ್ನು ಸದ್ಯಕ್ಕೆ ಪಕ್ಕಕ್ಕಿಡಿ.

ಗ್ಲೇಜ್ ಕಾಗದ, ಹಳೆಯ ಕ್ಯಾಲೆಂಡರ್ ಹಾಳೆ ಇವಕ್ಕೆ ಬಣ್ಣವಿರುವುದು ಮೇಲ್ಮೈಯಲ್ಲಿ ಮಾತ್ರ, ಒಳಗೆಲ್ಲ ಬಿಳಿ. ಬಣ್ಣದ ಮುಖ ಮೇಲೆ ಮಾಡಿ, ಒಂದು ಭಾಗವನ್ನು ಒತ್ತಿ ಹಿಡಿದು ಇನ್ನೊಂದನ್ನು ನಿಮ್ಮ ಕಡೆಗೆ ಎತ್ತಿ ಹರಿಯಿರಿ. ಒತ್ತಿ ಹಿಡಿದ ತುಂಡಿಗೆ ಬಿಳಿ ಅಂಚು ಬರುತ್ತದೆ, ಎತ್ತಿದ ತುಂಡಿಗೆ ಬರುವುದಿಲ್ಲ. ಈ ಕಲೆಯ ಅರ್ಧ ಗುಟ್ಟು ಇಷ್ಟೇ. ಟೊಮ್ಯಾಟೊದ ಬೆಳಕಿನ ಬದಿ ಹರಿಯುವಾಗ ಹಣ್ಣನ್ನು ಒತ್ತಿ ಹಿಡಿದು ಹೊರಗಿನ ಕಾಗದ ಎತ್ತಬೇಕು. ನೆರಳಿನ ಬದಿಗೆ ಬಂದಾಗ ಹೊರಗಿನದನ್ನು ಒತ್ತಿ ಹಣ್ಣನ್ನೇ ಎತ್ತಬೇಕು. ಎರಡು ಬೆರಳುಗಳ ಉಗುರು ಒಂದಕ್ಕೊಂದು ತಾಗುವಷ್ಟು ಹತ್ತಿರವಿರಲಿ, ಸ್ವಲ್ಪ ಸ್ವಲ್ಪವೇ ಹರಿಯಿರಿ. ಒಂದೇ ಸಲಕ್ಕೆ ಎಳೆದರೆ ಸೀಳು ಕಾಗದದ ನಾರಿನ ದಿಕ್ಕಿಗೆ ಓಡುತ್ತದೆ, ಹಣ್ಣು ಸೊಟ್ಟಗಾಗುತ್ತದೆ.

ಬಟ್ಟೆ ಹೀಗೆ ಮಾತು ಕೇಳುವುದಿಲ್ಲ. ನೇಯ್ದ ಹತ್ತಿ ಬಟ್ಟೆಯ ಅಂಚಿಗೆ ಅರ್ಧ ಇಂಚು ಕಚ್ಚು ಹಾಕಿ ಎಳೆದರೆ ಹಾಸು (ಉದ್ದದ) ಅಥವಾ ಹೊಕ್ಕಿನ (ಅಡ್ಡದ) ಎಳೆ ಹಿಡಿದು ನೇರವಾಗಿ ಸೀಳುತ್ತದೆ; ದುಂಡಗೆ ಬಾ ಎಂದರೆ ಬರದು. ಹಾಗಾಗಿ ಗೋಡೆಗೆ, ಮೇಜಿನ ಅಂಚಿಗೆ, ಟವಲಿಗೆ ಬಟ್ಟೆ ಬಳಸಿ. 1912ರಲ್ಲಿ ಫ್ರೆಂಚ್ ಚಿತ್ರಕಾರ ಜಾರ್ಜ್ ಬ್ರಾಕ್ ಮರವನ್ನು ಬಿಡಿಸುವ ಬದಲು ಮರದ ಗೆರೆ ಅಚ್ಚಾದ ಗೋಡೆಕಾಗದವನ್ನೇ ಹಣ್ಣಿನ ತಟ್ಟೆಯ ಚಿತ್ರಕ್ಕೆ ಅಂಟಿಸಿದ. ಚೌಕಳಿಯನ್ನು ನಾವೂ ಬಿಡಿಸಬೇಕಾಗಿಲ್ಲ.

ಚೊಂಬಿಗೆ ಟೈಲರ್ ಅಂಗಡಿಯಲ್ಲಿ ಉಳಿದ ಅರಿಶಿನ ಬಣ್ಣದ ರೇಷ್ಮೆ ಚೂರು ಸಾಕು. ಅದು ಎಳೆ ಬಿಚ್ಚಿಕೊಳ್ಳುತ್ತದೆ. ಮೊದಲು ತೆಳು ಕಾಗದಕ್ಕೆ ಅಂಟಿಸಿ, ಒಣಗಿದ ಮೇಲೆ ಕತ್ತರಿ ತೆಗೆದುಕೊಳ್ಳಿ. ಅದೇ ರೇಷ್ಮೆಯನ್ನು ಅಡ್ಡ ತಿರುಗಿಸಿದರೆ ಹೊಳಪು ಬದಲಾಗಿ ಬೇರೆ ಛಾಯೆ ಕಾಣುತ್ತದೆ. ಚೊಂಬಿನ ಉಬ್ಬನ್ನು ಉದ್ದ ಒಂದು, ಅಡ್ಡ ಒಂದು ತುಂಡಿನಲ್ಲೇ ತೋರಿಸಬಹುದು.

ಅಂಟಿನ ವಿಷಯ. ಕಾಗದಕ್ಕೆ ಎರಡು ಪಾಲು ಫೆವಿಕಾಲ್, ಒಂದು ಪಾಲು ನೀರು. ಬಟ್ಟೆಗೆ ನೀರು ಬೇಡ. ಅಂಟನ್ನು ಬಟ್ಟೆಗಲ್ಲ, ಕೆಳಗಿನ ಕಾಗದಕ್ಕೆ ತೆಳುವಾಗಿ ಸವರಿ. ಹೆಚ್ಚಾದರೆ ರೇಷ್ಮೆಯ ಮೇಲಕ್ಕೆ ಜಿನುಗಿ ಕಲೆ ನಿಲ್ಲುತ್ತದೆ, ಹೋಗುವುದಿಲ್ಲ. ಕ್ರೇಪ್ ಕಾಗದ ನೀರು ತಾಗಿದರೆ ಬಣ್ಣ ಬಿಡುತ್ತದೆ. ಮೈದಾ ಅಂಟು ಅಗ್ಗವೇನೋ ಸರಿ, ಜಿರಲೆಗೂ ಅದು ಊಟ. ಬೈಂಡಿಂಗಿನವರು ಅದಕ್ಕೆ ಮೈಲುತುತ್ತ ಬೆರೆಸುವುದುಂಟು. ವಿಷ ಅದು, ಶಾಲೆಗೆ ಬೇಡವೇ ಬೇಡ.

ಅಂಟಿಸುವಾಗ ಹಿಂದಿನಿಂದ ಮುಂದಕ್ಕೆ ಬನ್ನಿ: ಗೋಡೆ, ಟವಲು, ನೆರಳು, ಆಮೇಲೆ ಹಣ್ಣು. ನೆರಳಿಗೆ ಕಪ್ಪು ಹಾಕಿದರೆ ತೂತು ಬಿದ್ದಂತೆ ಕಾಣುತ್ತದೆ. ಕಡು ನೇರಳೆ ಹಾಕಿ. ಅದರ ಅಂಚು ಹಣ್ಣಿನ ಕೆಳಗೆ ಅರ್ಧ ಸೆಂಟಿಮೀಟರ್ ಹೊಕ್ಕಿರಲಿ, ಇಲ್ಲದಿದ್ದರೆ ಹಣ್ಣು ಗಾಳಿಯಲ್ಲಿ ತೇಲುತ್ತದೆ.

ತಳಕ್ಕೆ 2 ಮಿಲಿಮೀಟರ್ ದಪ್ಪದ ಮಿಲ್ ಬೋರ್ಡ್ (ಗಟ್ಟಿ ರಟ್ಟು) ಇರಲಿ. ಒದ್ದೆಯಾಗಿ ಹಿಗ್ಗಿದ ಕಾಗದ ಒಣಗುತ್ತ ಕುಗ್ಗಿ ಬೋರ್ಡನ್ನೇ ಬಗ್ಗಿಸುತ್ತದೆ. ಅದಕ್ಕೆ ಹಿಂಬದಿಗೂ ಅದೇ ದಿನ ಒಂದು ಹಾಳೆ ಅಂಟಿಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಹಾಕಿ, ನಾಲ್ಕು ದಪ್ಪ ಪುಸ್ತಕ ಹೇರಿ ರಾತ್ರಿಯಿಡೀ ಬಿಡಿ.