ಸರ್ವ್ ಶುರುವಾಗುವುದು ಪಾದದಲ್ಲಿ

ಕೇಳುಗರಿಗೆಲ್ಲ ನಮಸ್ಕಾರ.

ಟೆನಿಸ್ ಆಡುವವರನ್ನು ಕೇಳಿ ನೋಡಿ, ಸರ್ವ್, ಅಂದರೆ ಪಾಯಿಂಟ್ ಶುರು ಮಾಡುವ ಹೊಡೆತ, ಹಾಳಾದರೆ ಎಲ್ಲರೂ ಮೊದಲು ದೂರುವುದು ಕೈಯನ್ನೇ. ಭುಜ ಬಿಗಿಯಾಯಿತು, ಟಾಸ್, ಅಂದರೆ ಹೊಡೆಯಲು ಮೇಲಕ್ಕೆ ಎಸೆದ ಚೆಂಡು, ಎಲ್ಲೋ ಹೋಯಿತು, ಮಣಿಕಟ್ಟು ತಿರುಗಲಿಲ್ಲ ಅಂತ. ಕಾಲಿನ ಕಡೆ ಯಾರ ಕಣ್ಣೂ ಹೋಗುವುದಿಲ್ಲ. ಆದರೆ ಸರ್ವ್‌ನ ಶಕ್ತಿಯಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಹುಟ್ಟುವುದೇ ಕಾಲು, ಸೊಂಟ, ಮುಂಡದಲ್ಲಿ. ಅದು ಕೆಳಗಿನಿಂದ ಮೇಲಕ್ಕೆ ಹತ್ತಿ ಭುಜಕ್ಕೆ, ಅಲ್ಲಿಂದ ಮೊಣಕೈಗೆ, ಕೊನೆಗೆ ರಾಕೆಟ್‌ಗೆ ಬರುತ್ತದೆ. ಟಾಸ್ ತಪ್ಪುವುದಕ್ಕೂ ಎಷ್ಟೋ ಸಲ ಕಾಲೇ ಕಾರಣ. ನಿಂತ ನೆಲದಲ್ಲಿ ಪಾದ ಅಲುಗಾಡುತ್ತಿದ್ದರೆ ಚೆಂಡು ಪ್ರತಿ ಸಲ ಒಂದೇ ಜಾಗಕ್ಕೆ ಹೇಗೆ ಏರುತ್ತದೆ, ಹೇಳಿ? ಹಾಗಾಗಿ ಇವತ್ತು ಕೈಯ ಮಾತು ಸ್ವಲ್ಪ ಬದಿಗಿಡೋಣ.

ರೇಡಿಯೋದಲ್ಲಿ ಚಿತ್ರ ತೋರಿಸಲು ಆಗುವುದಿಲ್ಲ, ಅದಕ್ಕೆ ಆಗುವವರು ಎದ್ದು ನಿಲ್ಲಿ. ನಿಮ್ಮ ಮುಂದೆ ನೆಲದ ಮೇಲೆ ಅಡ್ಡಲಾಗಿ ಒಂದು ಗೆರೆ ಇದೆ ಅಂದುಕೊಳ್ಳಿ, ಅದು ಬೇಸ್‌ಲೈನ್, ಕೋರ್ಟ್‌ನ ಹಿಂದಿನ ಅಂಚಿನ ಗೆರೆ. ನಾನು ಬಲಗೈಯಲ್ಲಿ ಆಡುವವರಿಗೆ ಹೇಳುತ್ತೇನೆ, ಎಡಗೈಯವರು ಎಡ ಬಲ ಅದಲು ಬದಲು ಮಾಡಿಕೊಳ್ಳಿ. ಎಡಗಾಲು ಮುಂದೆ ಇರಲಿ, ಗೆರೆಗೆ ತಾಗದಂತೆ ಎರಡು ಮೂರು ಇಂಚು ಹಿಂದೆ. ಬೆರಳುಗಳು ನೇರ ನೆಟ್ ಕಡೆ ನೋಡುವುದು ಬೇಡ, ಬಲಗಡೆಯ ನೆಟ್ ಕಂಬದ ಕಡೆ ನೋಡಲಿ. ಬಲಗಾಲು ಹಿಂದೆ, ಹೆಚ್ಚು ಕಡಿಮೆ ಗೆರೆಯ ಉದ್ದಕ್ಕೇ ಇರಲಿ. ಎರಡು ಪಾದಗಳ ಮಧ್ಯೆ ನಿಮ್ಮ ಭುಜದಷ್ಟು ಅಂತರ. ಈಗ ನೀವು ನೆಟ್‌ಗೆ ಪಕ್ಕವಾಗಿ ನಿಂತಿದ್ದೀರಿ.

ಈ ಪಕ್ಕವಾಗಿ ನಿಲ್ಲುವುದು ಸುಮ್ನೆ ಚಂದಕ್ಕಲ್ಲ. ನೆಟ್‌ಗೆ ಎದುರಾಗಿ ನಿಂತುಬಿಟ್ಟರೆ ಸೊಂಟ ತಿರುಗಬೇಕಾದಷ್ಟೂ ಮೊದಲೇ ತಿರುಗಿ ಆಗಿರುತ್ತದೆ, ಹೊಡೆಯುವ ಹೊತ್ತಿಗೆ ತಿರುಗಲು ಏನೂ ಉಳಿದಿರುವುದಿಲ್ಲ, ಆಗ ಇಡೀ ಕೆಲಸ ಕೈಯ ಪಾಲಿಗೆ ಬರುತ್ತದೆ. ಕೈ ಒಂದಷ್ಟು ದಿನ ಮಾಡುತ್ತದೆ. ಆಮೇಲೆ ಭುಜ ನೋಯಲು ಶುರುವಾಗುತ್ತದೆ.

ಎಂಬತ್ತರ ದಶಕದ ಅಮೆರಿಕದ ಆಟಗಾರ ಜಾನ್ ಮೆಕೆನ್ರೋ ಇದನ್ನು ಇನ್ನೊಂದು ತುದಿಗೆ ಒಯ್ದವರು. ಎರಡೂ ಪಾದಗಳನ್ನು ಬೇಸ್‌ಲೈನ್ ಉದ್ದಕ್ಕೆ ಸಾಲಾಗಿ ಇಟ್ಟು, ಎದುರಾಳಿಗೆ ಬಹುಮಟ್ಟಿಗೆ ಬೆನ್ನು ತೋರಿಸಿ ನಿಲ್ಲುತ್ತಿದ್ದರು. ಚೆಂಡು ಎತ್ತ ಬರುತ್ತದೆ ಅಂತ ಎದುರಿನವರಿಗೆ ಸುಳಿವೇ ಸಿಗುತ್ತಿರಲಿಲ್ಲ. ನೋಡಲು ಅದ್ಭುತ. ಆದರೆ ಅಷ್ಟು ದೂರದಿಂದ ದೇಹವನ್ನು ತಿರುಗಿಸಿಕೊಂಡು ಬರುವುದು ಎಲ್ಲರ ಬೆನ್ನಿಗೂ ಆಗುವ ಕೆಲಸವಲ್ಲ, ಹೊಸಬರು ಅದನ್ನು ನಕಲು ಮಾಡಬೇಡಿ ಅಂತಲೇ ನಾನು ಹೇಳುವುದು.

ಇನ್ನೊಂದು ಸಣ್ಣ ವಿಷಯ, ತುಂಬಾ ಜನ ಮರೆಯುತ್ತಾರೆ. ಕೋರ್ಟ್‌ನ ಬಲ ಅರ್ಧದಿಂದ ಸರ್ವ್ ಮಾಡಿದವರು ಮುಂದಿನ ಪಾಯಿಂಟ್‌ಗೆ ಎಡ ಅರ್ಧಕ್ಕೆ ಹೋಗುತ್ತಾರೆ, ಅಲ್ವಾ? ಗುರಿ ಬದಲಾಗಿರುತ್ತದೆ, ಪಾದ ಮಾತ್ರ ಹಿಂದಿನ ಹಾಗೇ ಇಟ್ಟಿರುತ್ತಾರೆ. ಎರಡೂ ಪಾದಗಳ ಬೆರಳ ತುದಿ ಸೇರಿಸಿ ಮನಸ್ಸಿನಲ್ಲೇ ಒಂದು ಗೆರೆ ಎಳೆಯಿರಿ. ಅದು ಹೆಚ್ಚು ಕಡಿಮೆ ಚೆಂಡು ಬೀಳಬೇಕಾದ ಬಾಕ್ಸ್ ಕಡೆ ಹೋಗಬೇಕು. ಹೋಗುತ್ತಿಲ್ಲ ಅಂದರೆ ಹಿಂದಿನ ಪಾದವನ್ನು ಸ್ವಲ್ಪ ಸರಿಸಿಕೊಳ್ಳಿ, ಅಷ್ಟೇ.

ಈಗ ಮುಖ್ಯ ವಿಷಯಕ್ಕೆ ಬರೋಣ. ಟಾಸ್ ಎತ್ತಿದ ಮೇಲೆ ಹಿಂದಿನ ಕಾಲು ಏನು ಮಾಡಬೇಕು? ಇಲ್ಲಿ ಎರಡು ದಾರಿ ಇವೆ. ಒಂದು ಪ್ಲಾಟ್‌ಫಾರ್ಮ್, ಇನ್ನೊಂದು ಪಿನ್‌ಪಾಯಿಂಟ್. ಪ್ಲಾಟ್‌ಫಾರ್ಮ್‌ನಲ್ಲಿ ಎರಡೂ ಪಾದ ಇಟ್ಟಲ್ಲೇ ಇರುತ್ತವೆ, ನೆಲ ಬಿಡುವ ಕ್ಷಣದವರೆಗೂ ಕದಲುವುದಿಲ್ಲ. ಫೆಡರರ್ ಹೀಗೇ ಮಾಡುತ್ತಿದ್ದರು, ಜೊಕೊವಿಚ್ ಕೂಡ. ಪಿನ್‌ಪಾಯಿಂಟ್‌ನಲ್ಲಿ ಹಿಂದಿನ ಕಾಲನ್ನು ಎಳೆದು ತಂದು ಮುಂದಿನ ಕಾಲಿನ ಹತ್ತಿರ ಸೇರಿಸುತ್ತಾರೆ. ಸೆರೆನಾ ವಿಲಿಯಮ್ಸ್, ನಡಾಲ್, ಆಂಡಿ ಮರ್ರೆ ಎಲ್ಲ ಈ ಪಂಗಡ.

ಎರಡರಲ್ಲೂ ಲಾಭ ಇದೆ, ನಷ್ಟವೂ ಇದೆ. ಕಾಲು ಹತ್ತಿರ ತಂದವರಿಗೆ ಎರಡೂ ಕಾಲುಗಳಿಂದ ಒಟ್ಟಿಗೆ ನೆಲವನ್ನು ಒತ್ತಿ ನೇರ ಮೇಲಕ್ಕೆ ಏಳಲು ಅನುಕೂಲ, ಆಗ ಚೆಂಡನ್ನು ಸ್ವಲ್ಪ ಎತ್ತರದಲ್ಲಿ ಹೊಡೆಯಬಹುದು. ಪಾದ ಅಗಲ ಇಟ್ಟವರಿಗೆ ಮುಂದಕ್ಕೆ ನುಗ್ಗುವ ಬಲ ಜಾಸ್ತಿ, ಸರ್ವ್ ಮಾಡಿ ನೆಟ್‌ಗೆ ಓಡುವವರಿಗೆ ಅದು ಒಳ್ಳೆಯದು. ಸಮತೋಲ ಹಿಡಿಯುವುದೂ ಸುಲಭ, ಯಾಕೆಂದರೆ ಅಲುಗಾಡುವ ಭಾಗ ಒಂದು ಕಡಿಮೆ.

ಪಿನ್‌ಪಾಯಿಂಟ್‌ನ ಎಡವಟ್ಟು ಆ ಎಳೆಯುವುದರಲ್ಲೇ ಇದೆ. ಹಿಂದಿನ ಪಾದ ಬಂದು ನಿಲ್ಲಬೇಕಾದ್ದು ಮುಂದಿನ ಪಾದದ ಹಿಂದೆ, ಅಥವಾ ಅದರ ಬಲ ಪಕ್ಕಕ್ಕೆ ಸ್ವಲ್ಪ ಹಿಂದೆ. ಹಿಮ್ಮಡಿ ಎತ್ತಿರಬೇಕು, ಭಾರ ಬೆರಳುಗಳ ಬುಡದಲ್ಲಿರಬೇಕು. ಅದು ಮುಂದಿನ ಪಾದವನ್ನು ದಾಟಿ ಬೇಸ್‌ಲೈನ್ ಕಡೆಗೇ ಬಂದುಬಿಟ್ಟರೆ ಸೊಂಟ ಬಾಗಿಲು ತೆರೆದ ಹಾಗೆ ಮೊದಲೇ ತೆರೆದುಕೊಳ್ಳುತ್ತದೆ, ಆಗ ನೀವು ಅಷ್ಟು ಜೋಪಾನವಾಗಿ ಪಕ್ಕಕ್ಕೆ ನಿಂತದ್ದೆಲ್ಲ ನೀರು ಪಾಲು. ಹೊತ್ತೂ ಮುಖ್ಯ. ಟಾಸ್ ಕೈ ಮೇಲೆ ಹೋಗುತ್ತಿರುವಾಗಲೇ ಕಾಲು ಬರಬೇಕು, ಮಂಡಿ ಪೂರ್ತಿ ಬಗ್ಗುವ ಹೊತ್ತಿಗೆ ಅದು ಬಂದು ನಿಂತಾಗಿರಬೇಕು. ವರ್ಷಗಟ್ಟಲೆ ಹೀಗೆ ಎಳೆದು ಆಡಿದವರ ಶೂ ತಿರುಗಿಸಿ ನೋಡಿ, ಹಿಂದಿನ ಕಾಲಿನ ಶೂ ಮಾತ್ರ ಹೆಬ್ಬೆರಳಿನ ಜಾಗದಲ್ಲಿ ಸವೆದಿರುತ್ತದೆ. ಅಂಥವರಿಗೆಂದೇ ಆ ಜಾಗಕ್ಕೆ ದಪ್ಪ ರಬ್ಬರ್ ಹಾಕಿದ ಶೂಗಳೂ ಸಿಗುತ್ತವೆ.

ನನ್ನನ್ನು ಕೇಳಿದರೆ ಕಲಿಯುವವರು ಪ್ಲಾಟ್‌ಫಾರ್ಮ್‌ನಿಂದಲೇ ಶುರು ಮಾಡಬೇಕು. ಟಿವಿಯಲ್ಲಿ ನೋಡಿದ ಆಟಗಾರರು ಕಾಲು ಎಳೆಯುತ್ತಾರೆ ಅಂತ ಮೊದಲ ವಾರವೇ ಎಳೆಯಲು ಹೋದರೆ ಟಾಸ್, ಸಮತೋಲ, ತಿರುವು ಮೂರೂ ಒಟ್ಟಿಗೆ ಕೆಡುತ್ತವೆ, ಯಾವುದು ಯಾವುದನ್ನು ಕೆಡಿಸಿತು ಅಂತ ಪತ್ತೆ ಹಚ್ಚುವುದೂ ಕಷ್ಟ. ಆದರೆ ಕಾಲು ತಾನಾಗಿಯೇ ಹತ್ತಿರ ಬರುತ್ತಿದೆ, ಟಾಸ್ ಗಟ್ಟಿಯಾಗಿದೆ ಅನ್ನುವವರನ್ನು ತಡೆಯುವುದು ಬೇಡ. ಮಧ್ಯದ ದಾರಿಯೂ ಒಂದಿದೆ. ಆಂಡಿ ರಾಡಿಕ್ ಪಾದಗಳನ್ನು ಮೊದಲಿನಿಂದಲೇ ಹತ್ತಿರ ಇಟ್ಟುಕೊಂಡು ಮಂಡಿಯನ್ನು ಆಳವಾಗಿ ಬಗ್ಗಿಸುತ್ತಿದ್ದರು. 2004ರ ಡೇವಿಸ್ ಕಪ್‌ನಲ್ಲಿ ಅವರ ಒಂದು ಸರ್ವ್ ಗಂಟೆಗೆ 249 ಕಿಲೋಮೀಟರ್ ವೇಗದಲ್ಲಿ ಹೋಯಿತು.

ಇನ್ನು ನೆಗೆತ. ನಿಜ ಹೇಳಬೇಕೆಂದರೆ ನೆಗೆಯಬೇಕು ಅಂತ ಯೋಚಿಸಲೇಬಾರದು. ಮಂಡಿ ಬಗ್ಗಿಸಿ, ನೆಲವನ್ನು ಜೋರಾಗಿ ಒತ್ತಿ, ಚೆಂಡಿನ ಕಡೆ ಮೇಲಕ್ಕೆ ಚಾಚಿದರೆ ದೇಹ ತಾನೇ ನೆಲ ಬಿಡುತ್ತದೆ. ಇಳಿಯುವುದು ಎಡಗಾಲಿನ ಮೇಲೆ, ಕೋರ್ಟ್ ಒಳಗೆ. ಬಲಗಾಲು ಸಮತೋಲಕ್ಕಾಗಿ ಹಿಂದಕ್ಕೆ ಚಿಮ್ಮುತ್ತದೆ. ಹಳೆಯ ಕಪ್ಪು ಬಿಳುಪು ಚಿತ್ರಗಳಲ್ಲಿ ಆಟಗಾರರು ಬಲಗಾಲನ್ನು ಮುಂದೆ ಹಾಕಿ ನಡೆದ ಹಾಗೆ ಸರ್ವ್ ಮುಗಿಸುವುದನ್ನು ನೀವು ನೋಡಿರಬಹುದು. ಅದಕ್ಕೆ ಕಾರಣ ನಿಯಮ. ಹೆಚ್ಚು ಕಡಿಮೆ 1960ರವರೆಗೂ ಹೊಡೆಯುವಾಗ ಒಂದು ಪಾದ ನೆಲದಲ್ಲೇ ಇರಬೇಕಿತ್ತು. ಆ ಕಟ್ಟು ಸಡಿಲವಾದ ಮೇಲೇ ಸರ್ವ್ ಈಗಿನ ರೂಪಕ್ಕೆ ಬಂದದ್ದು.

ಈಗಲೂ ಉಳಿದಿರುವ ನಿಯಮ ಫುಟ್ ಫಾಲ್ಟ್. ರಾಕೆಟ್ ಚೆಂಡಿಗೆ ತಾಗುವ ಮೊದಲು ಯಾವ ಪಾದವೂ ಬೇಸ್‌ಲೈನ್ ಮುಟ್ಟಬಾರದು, ಒಳಗಿನ ನೆಲವನ್ನೂ ಮುಟ್ಟಬಾರದು. ಗೆರೆಯ ಮೇಲಿನ ಗಾಳಿಯಲ್ಲಿ ಕಾಲಿದ್ದರೆ ತಪ್ಪಿಲ್ಲ. ಬೇಸ್‌ಲೈನ್‌ನ ಮಧ್ಯದಲ್ಲಿರುವ ಸಣ್ಣ ಗುರುತನ್ನು ಹಿಂದಕ್ಕೆ ಎಳೆದರೆ ಒಂದು ಕಾಣದ ಗೆರೆ ಆಗುತ್ತದಲ್ಲ, ಅದನ್ನು ಮುಟ್ಟಿದರೂ ಫಾಲ್ಟ್, ಇದು ತುಂಬಾ ಜನರಿಗೆ ಗೊತ್ತೇ ಇಲ್ಲ. ನಡೆದುಕೊಂಡು ಅಥವಾ ಓಡಿಕೊಂಡು ಬಂದು ಸರ್ವ್ ಮಾಡುವಂತಿಲ್ಲ, ಪಾದದ ಸಣ್ಣ ಅಲುಗಾಟಕ್ಕೆ ಮಾತ್ರ ಅವಕಾಶ.

ಇದು ಎಷ್ಟು ದುಬಾರಿ ಆಗಬಹುದು ಅಂತ 2009ರ ಯುಎಸ್ ಓಪನ್ ಸೆಮಿಫೈನಲ್ ನೋಡಿದವರಿಗೆ ಗೊತ್ತು. ಕಿಮ್ ಕ್ಲೈಸ್ಟರ್ಸ್ ಎದುರು ಮೊದಲ ಸೆಟ್ ಸೋತಿದ್ದ ಸೆರೆನಾ ಎರಡನೇ ಸೆಟ್‌ನಲ್ಲಿ 5-6 ಹಿಂದಿದ್ದರು, ಆ ಗೇಮ್‌ನಲ್ಲಿ 15-30. ಎರಡನೇ ಸರ್ವ್‌ಗೆ ಫುಟ್ ಫಾಲ್ಟ್ ಕರೆ ಬಂತು, ಅಂದರೆ ಎರಡೂ ಅವಕಾಶ ತಪ್ಪಿದ ಡಬಲ್ ಫಾಲ್ಟ್, ಕ್ಲೈಸ್ಟರ್ಸ್‌ಗೆ ಮ್ಯಾಚ್ ಪಾಯಿಂಟ್, ಇನ್ನೊಂದು ಪಾಯಿಂಟ್ ಸಿಕ್ಕರೆ ಗೆಲುವು. ಲೈನ್ ಜಡ್ಜ್ ಮೇಲೆ ಸೆರೆನಾ ಕೂಗಾಡಿದರು, ಅದಕ್ಕೆ ಒಂದು ಪಾಯಿಂಟ್ ದಂಡ ಬಿತ್ತು, ಪಂದ್ಯ ಅಲ್ಲಿಗೇ ಮುಗಿಯಿತು.

ನಮ್ಮ ನಿಮ್ಮಂಥವರಲ್ಲಿ ಫುಟ್ ಫಾಲ್ಟ್ ಆಗುವುದು ಹೆಜ್ಜೆ ಹಾಕಿ ಅಲ್ಲ. ಭಾರ ಮುಂದಕ್ಕೆ ಬರುವಾಗ ಮುಂದಿನ ಪಾದ ಹಿಮ್ಮಡಿ ಎತ್ತಿಕೊಂಡು, ಬೆರಳುಗಳ ಮೇಲೆ ತಿರುಗಿ, ಒಂದಿಷ್ಟೇ ಮುಂದೆ ಜಾರುತ್ತದೆ. ಆಡುವವರಿಗೆ ಗೊತ್ತೇ ಆಗುವುದಿಲ್ಲ, ಯಾಕೆಂದರೆ ಕಣ್ಣು ಚೆಂಡಿನ ಮೇಲಿರುತ್ತದೆ. ಮೊಬೈಲನ್ನು ಬೇಸ್‌ಲೈನ್ ಪಕ್ಕದಲ್ಲಿ ನೆಲಕ್ಕೆ ಇಟ್ಟು ಪಾದವನ್ನಷ್ಟೇ ಚಿತ್ರೀಕರಿಸಿ, ಸತ್ಯ ಗೊತ್ತಾಗುತ್ತದೆ. ಜಾರುತ್ತಿದ್ದರೆ ಒಂದು ಗೇಣು ಹಿಂದೆ ನಿಲ್ಲಿ. 23.77 ಮೀಟರ್ ಉದ್ದದ ಕೋರ್ಟ್‌ನಲ್ಲಿ ಒಂದು ಗೇಣಿನಿಂದ ನಿಮಗೆ ನಷ್ಟವೇನೂ ಇಲ್ಲ.

ಅಭ್ಯಾಸಕ್ಕೆ ಎರಡು ಮಾತು. ರಾಕೆಟ್ ಬೀಸದೆ ಬರೀ ಟಾಸ್ ಮಾಡಿ, ಮಂಡಿ ಬಗ್ಗಿಸಿ, ಚೆಂಡನ್ನು ನೆಲಕ್ಕೆ ಬೀಳಲು ಬಿಡಿ. ಅದು ಎಡಗಾಲಿನ ಮುಂದೆ, ಗೆರೆಯಿಂದ ಸುಮಾರು ಒಂದಡಿ ಒಳಗೆ ಬೀಳಬೇಕು, ಅಷ್ಟು ಹೊತ್ತೂ ಮುಂದಿನ ಪಾದ ಇಟ್ಟಲ್ಲೇ ಇರಬೇಕು. ಇದು ರೂಢಿಯಾದ ಮೇಲೆ ನಿಜವಾಗಿ ಹೊಡೆಯಿರಿ, ಪ್ರತಿ ಸರ್ವ್ ಆದ ಮೇಲೆ ಇಳಿದಲ್ಲೇ ಒಂದು ಕ್ಷಣ ಎಡಗಾಲಿನ ಮೇಲೆ ನಿಲ್ಲಿ. ಎಡಕ್ಕೆ ವಾಲಿ ಬೀಳುವ ಹಾಗಾದರೆ ಟಾಸ್ ತಲೆಯ ಮೇಲೆ ಎಡಕ್ಕೆ ಹೋಗಿದೆ ಅಂತ ಅರ್ಥ.

ಎರಡನೇ ಸರ್ವ್‌ಗೂ ಇದೇ ಕಾಲು ಬೇಕು. ಡಬಲ್ ಫಾಲ್ಟ್ ಭಯಕ್ಕೆ ಜನ ಮೊದಲು ನಿಲ್ಲಿಸುವುದೇ ಮಂಡಿ ಬಗ್ಗಿಸುವುದನ್ನು, ಆಗ ಚೆಂಡು ಏಳುವುದಿಲ್ಲ, ನೇರ ನೆಟ್‌ಗೆ ಹೋಗುತ್ತದೆ. ಕೈಯ ವೇಗ ಬೇಕಾದರೆ ಸ್ವಲ್ಪ ತಗ್ಗಿಸಿ, ಕಾಲಿನ ಕೆಲಸ ಮಾತ್ರ ಒಂದಿಷ್ಟೂ ಕಡಿಮೆ ಮಾಡಬೇಡಿ.

ಕೇಳಿದ್ದಕ್ಕೆ ಧನ್ಯವಾದ. ನಮಸ್ಕಾರ.