ದೇವರ ಬೆನ್ನಿನ ಫೋಟೊ ಇದೆಯೆ?

ಕೇಳುಗರಿಗೆ ನಮಸ್ಕಾರ.

ತಮಿಳುನಾಡಿನ ಅರಿಯಲೂರು ಜಿಲ್ಲೆಯಲ್ಲಿ ಶ್ರೀಪುರಂದಾನ್ ಎಂಬ ಹಳ್ಳಿ ಇದೆ. ಅಲ್ಲೊಂದು ಚೋಳರ ಕಾಲದ ಶಿವಾಲಯ. ಪೂಜೆ ನಿಂತುಹೋಗಿ ಬಾಗಿಲಿಗೆ ಬೀಗ ಬಿದ್ದಿತ್ತು. 2006ರಲ್ಲಿ ಒಳಗಿದ್ದ ನಟರಾಜನನ್ನು ಕಳ್ಳರು ಹೊತ್ತೊಯ್ದರು. ಊರಿಗೆ ತಿಳಿದದ್ದು 2008ರಲ್ಲಿ, ವಿಗ್ರಹಗಳನ್ನು ಭದ್ರವಾದ ಕಡೆಗೆ ಸಾಗಿಸೋಣವೆಂದು ಅಧಿಕಾರಿಗಳು ಬಂದು ಬೀಗ ತೆಗೆದಾಗ. ಅದೇ ವರ್ಷ ಕ್ಯಾನ್‌ಬೆರಾದ ನ್ಯಾಷನಲ್ ಗ್ಯಾಲರಿ ಆಫ್ ಆಸ್ಟ್ರೇಲಿಯಾ, ನ್ಯೂಯಾರ್ಕಿನ ವ್ಯಾಪಾರಿ ಸುಭಾಷ್ ಕಪೂರ್‌ನಿಂದ ಆ ನಟರಾಜನನ್ನು ಸುಮಾರು 50 ಲಕ್ಷ ಡಾಲರಿಗೆ ಕೊಂಡಿತ್ತು.

2014ರ ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯಾದ ಪ್ರಧಾನಿಯೇ ದೆಹಲಿಗೆ ಬಂದು ಅದನ್ನು ಒಪ್ಪಿಸಿದರು. ಅವರನ್ನು ಅಲ್ಲಿಗೆ ಬರುವಂತೆ ಮಾಡಿದ್ದರಲ್ಲಿ ಒಂದು ಕಪ್ಪು ಬಿಳುಪು ಫೋಟೊದ ಪಾಲು ದೊಡ್ಡದು. ಪುದುಚೇರಿಯ ಫ್ರೆಂಚ್ ಇನ್‌ಸ್ಟಿಟ್ಯೂಟಿನವರು 1950ರ ದಶಕದಿಂದ ದಕ್ಷಿಣದ ದೇವಾಲಯಗಳ ವಿಗ್ರಹಗಳನ್ನು ಒಂದೊಂದಾಗಿ ಫೋಟೊ ತೆಗೆದಿಟ್ಟಿದ್ದಾರೆ. 1994ರಲ್ಲಿ ಶ್ರೀಪುರಂದಾನ್ ದೇವಸ್ಥಾನದೊಳಗೆ ತೆಗೆದ ಚಿತ್ರವೂ ಅದರಲ್ಲಿತ್ತು.

ದೇಶಗಳು ಪರರಿಂದ ಒಯ್ದ ಸಂಪತ್ತನ್ನು ಮರಳಿಸಬೇಕೆ ಎಂದು ಕೇಳಿದರೆ, ಮರಳಿಸಬೇಕು ಎಂದು ಹೇಳಲು ಬಹಳ ಹೊತ್ತು ಬೇಡ. ಕದ್ದ ಮಾಲು ಕದ್ದದ್ದೇ, ಗಾಜಿನ ಪೆಟ್ಟಿಗೆಯಲ್ಲಿಟ್ಟು ದೀಪ ಹಾಕಿದ ಮಾತ್ರಕ್ಕೆ ಬೇರೆಯಾಗುವುದಿಲ್ಲ. ಕಷ್ಟವಿರುವುದು ಮುಂದಿನ ಹೆಜ್ಜೆಯಲ್ಲಿ: ಇದು ನಮ್ಮದೇ ಎಂದು ತೋರಿಸುವುದು ಹೇಗೆ?

1970ರ ಯುನೆಸ್ಕೊ ಒಪ್ಪಂದವನ್ನೇ ನೋಡಿ. ವಸ್ತುಸಂಗ್ರಹಾಲಯದಿಂದಲೋ ದೇವಾಲಯದಿಂದಲೋ ಕದ್ದ ವಸ್ತುವನ್ನು ಹಿಂದಿರುಗಿಸಲು ಅದರಲ್ಲಿ ದಾರಿಯಿದೆ. ಆದರೆ ಆ ವಸ್ತು ಆ ಸಂಸ್ಥೆಯ ದಾಖಲೆಪಟ್ಟಿಯಲ್ಲಿ ಇದ್ದಿರಬೇಕು. ಪುರಾವೆ ಒದಗಿಸುವ ಖರ್ಚು ಕೇಳುವ ದೇಶದ್ದು. ಕೊಂಡವನು ಏನೂ ತಿಳಿಯದೆ ಕೊಂಡಿದ್ದರೆ ಅವನಿಗೆ ಪರಿಹಾರವನ್ನೂ ಕೊಡಬೇಕು. ಪಟ್ಟಿಯೇ ಇಲ್ಲದ ದೇವಸ್ಥಾನ ಈ ಬಾಗಿಲಿನ ಮುಂದೆ ಬರಿಗೈಯಲ್ಲಿ ನಿಲ್ಲುತ್ತದೆ.

ಕಳ್ಳ ವ್ಯಾಪಾರಿಗಳಿಗೆ ಈ ಕಾನೂನು ನಮಗಿಂತ ಚೆನ್ನಾಗಿ ಗೊತ್ತು. ಕ್ಯಾನ್‌ಬೆರಾಗೆ ಕೊಟ್ಟ ಕಾಗದಪತ್ರಗಳಲ್ಲಿ, ಹಿಂದಿನ ಮಾಲೀಕರು ವಿಗ್ರಹವನ್ನು 1970ರ ಸುಮಾರಿಗೆ ದೆಹಲಿಯಲ್ಲಿ ಕೊಂಡರು ಎಂದು ಬರೆದಿತ್ತು. ಆ ಇಸವಿಯೇ ಏಕೆ? ನಮ್ಮ ಪ್ರಾಚ್ಯವಸ್ತು ಕಾಯ್ದೆ ಆದದ್ದು 1972ರಲ್ಲಿ, ಜಾರಿಗೆ ಬಂದದ್ದು 1976ರಲ್ಲಿ. ಅದಕ್ಕೂ ಹಿಂದೆಯೇ ದೇಶ ಬಿಟ್ಟಿತು ಎಂದರೆ ತಕರಾರಿಗೆ ಜಾಗವಿಲ್ಲ ಎಂಬ ಲೆಕ್ಕ. ಜೊತೆಗೆ ಆರ್ಟ್ ಲಾಸ್ ರಿಜಿಸ್ಟರ್ ಎಂಬ ಖಾಸಗಿ ಪಟ್ಟಿಯವರ ಪ್ರಮಾಣಪತ್ರ. ಕಳುವಾದ ವಸ್ತುಗಳ ಪಟ್ಟಿಯಲ್ಲಿ ಇದು ಇಲ್ಲ ಎನ್ನುವುದಷ್ಟೇ ಅದರ ಅರ್ಥ. ಕಳುವಾದದ್ದು ಊರಿಗೇ ಗೊತ್ತಿಲ್ಲದ ಮೇಲೆ ಪಟ್ಟಿಯಲ್ಲಿ ಇರುವುದಾದರೂ ಎಲ್ಲಿಂದ? ಕಪೂರ್ 2011ರಲ್ಲಿ ಜರ್ಮನಿಯಲ್ಲಿ ಸಿಕ್ಕಿಬಿದ್ದ. 2022ರಲ್ಲಿ ಕುಂಭಕೋಣದ ನ್ಯಾಯಾಲಯ ಅವನಿಗೆ ಹತ್ತು ವರ್ಷದ ಶಿಕ್ಷೆ ವಿಧಿಸಿತು.

ಇನ್ನು ಫೋಟೊ ಅಷ್ಟು ಬಲವಾದ ಸಾಕ್ಷಿ ಆಗುವುದೇಕೆ ಎಂದರೆ, ಚೋಳರ ಲೋಹಮೂರ್ತಿಗಳನ್ನು ಎರಕ ಹೊಯ್ಯುವ ಕ್ರಮವೇ ಹಾಗಿದೆ. ಮೊದಲು ಮೇಣದಲ್ಲಿ ಮೂರ್ತಿ ಮಾಡಿ, ಸುತ್ತ ಮಣ್ಣು ಮೆತ್ತಿ, ಕಾಸಿ ಮೇಣವನ್ನು ಹರಿಸಿಬಿಡುತ್ತಾರೆ. ಆ ಪೊಳ್ಳಿಗೆ ಕರಗಿದ ಲೋಹ ಹೊಯ್ಯುತ್ತಾರೆ. ತಣಿದ ಮೇಲೆ ಮಣ್ಣಿನ ಅಚ್ಚನ್ನು ಒಡೆಯದೆ ಮೂರ್ತಿ ಹೊರಬರುವುದಿಲ್ಲ. ಹಾಗಾಗಿ ಒಂದು ಅಚ್ಚಿಗೆ ಒಂದೇ ಮೂರ್ತಿ. ಗಾಳಿ ಸಿಕ್ಕಿಕೊಂಡು ಬಿದ್ದ ಗುಳಿ, ತೂತು ಮುಚ್ಚಲು ಹಾಕಿದ ತೇಪೆ, ಪ್ರಭಾವಳಿಯಲ್ಲಿ ಮುರಿದ ಒಂದು ಜ್ವಾಲೆಯ ತುದಿ, ಇವು ಇನ್ನೊಂದು ಮೂರ್ತಿಯಲ್ಲಿ ಅದೇ ಜಾಗದಲ್ಲಿ ಬರುವುದಿಲ್ಲ. ಶಿಲ್ಪಿ ಮರೆಮಾಡಬೇಕೆಂದಿದ್ದ ಊನವೇ ಸಾವಿರ ವರ್ಷದ ಮೇಲೆ ಮೂರ್ತಿಯ ಗುರುತಿನ ಚೀಟಿ.

ಫೋಟೊ ಇಲ್ಲದಿದ್ದರೆ ಸಾಕ್ಷಿಯನ್ನು ಮಣ್ಣಿನಲ್ಲಿ ಹುಡುಕಬೇಕು. ತಮಿಳುನಾಡಿನ ಪತ್ತೂರಿನ ನಟರಾಜ 1976ರಲ್ಲಿ ಪಾಳುಬಿದ್ದ ಗುಡಿಯ ಬಳಿ ನೆಲದಡಿ ಸಿಕ್ಕಿ, ಕೈಯಿಂದ ಕೈಗೆ ದಾಟಿ ಲಂಡನ್ ಸೇರಿತು. ಮೂರ್ತಿಗೆ ಅಂಟಿದ ಮಣ್ಣು, ಗೆದ್ದಲಿನ ಗುರುತು, ಲೋಹದ ಪರೀಕ್ಷೆ ಎಲ್ಲವೂ ಲಂಡನ್ನಿನ ನ್ಯಾಯಾಲಯದಲ್ಲಿ ಚರ್ಚೆಗೆ ಬಂದವು. ಪಾಳು ಗುಡಿಯೇ ವಾದಿಯಾಗಬಹುದು ಎಂದು ಇಂಗ್ಲಿಷ್ ನ್ಯಾಯಾಲಯ ಒಪ್ಪಿತು. 1988ರಲ್ಲಿ ತೀರ್ಪು, ಮೇಲ್ಮನವಿ ಮುಗಿದು ಮೂರ್ತಿ ಬಂದದ್ದು 1991ರಲ್ಲಿ.

ಕಲ್ಲಿನ ವಿಷಯ ಬೇರೆ. ಕಾಂಬೋಡಿಯಾದ ಕೋಹ್‌ಕೇರ್‌ನಲ್ಲಿ ಕಳ್ಳರು ದುರ್ಯೋಧನನ ವಿಗ್ರಹವನ್ನು ಕಣಕಾಲಿನ ಹತ್ತಿರ ಕಡಿದು ಒಯ್ದರು, ಪಾದಗಳು ಪೀಠದ ಮೇಲೆಯೇ ಉಳಿದವು. 2011ರಲ್ಲಿ ನ್ಯೂಯಾರ್ಕಿನಲ್ಲಿ ಮೂರ್ತಿ ಹರಾಜಿಗೆ ಬಂದಾಗ ಆ ಪಾದಗಳೇ ಸಾಕ್ಷಿ ನುಡಿದವು. 2014ರಲ್ಲಿ ಅದು ಕಾಂಬೋಡಿಯಾಕ್ಕೆ ಮರಳಿತು. ನಮ್ಮ ಹೊಯ್ಸಳ ಗುಡಿಗಳ ಬಳಪದ ಕಲ್ಲಿಗೂ ಇದೇ ಮಾತು. ಮದನಿಕೆಯೊಂದು ಕಿತ್ತುಹೋಗಿದ್ದರೆ, ಗೋಡೆಯಲ್ಲಿ ಉಳಿದ ಮುರುಕಿಗೆ ಸಿಮೆಂಟು ಮೆತ್ತುವ ಮೊದಲು ಅಳತೆಪಟ್ಟಿ ಇಟ್ಟು ಫೋಟೊ ತೆಗೆಯಬೇಕು. ಸಿಮೆಂಟು ಬಿದ್ದ ಮೇಲೆ ಆ ಸಾಕ್ಷಿ ಮುಗಿಯಿತು.

ಕಳ್ಳತನ ರಾತ್ರಿ ಬೀಗ ಮುರಿದೇ ಆಗಬೇಕೆಂದಿಲ್ಲ. ತಂಜಾವೂರು ಸೀಮೆಯ ಶಿವಪುರದ ನಟರಾಜನನ್ನು 1950ರ ದಶಕದಲ್ಲಿ ರಿಪೇರಿಗೆ ಕೊಟ್ಟರು, ಗುಡಿಗೆ ವಾಪಸು ಬಂದದ್ದು ನಕಲು. ಅಸಲನ್ನು 1973ರಲ್ಲಿ ಅಮೆರಿಕದ ನಾರ್ಟನ್ ಸೈಮನ್ ಪ್ರತಿಷ್ಠಾನ 9 ಲಕ್ಷ ಡಾಲರಿಗೆ ಕೊಂಡಿತು, ವ್ಯಾಜ್ಯವಾಗಿ ರಾಜಿಯಾಗಿ 1986ರಲ್ಲಿ ಮರಳಿಸಿತು. ರಿಪೇರಿಗೆ ಕಳಿಸುವ ಮೊದಲು ತೂಗಿ, ಬಂದ ಮೇಲೆ ಮತ್ತೆ ತೂಗಿ, ಹಳೆಯ ಫೋಟೊದ ಊನಗಳನ್ನು ಒಂದೊಂದಾಗಿ ತಾಳೆ ನೋಡಿ. ನಕಲು ಮಾಡುವವನು ಮುಖವನ್ನು ತಿದ್ದಿ ತಿದ್ದಿ ಹೊಂದಿಸುತ್ತಾನೆ, ಬೆನ್ನಿನ ಮೇಲೆ ಅಷ್ಟು ಶ್ರಮ ಹಾಕುವುದಿಲ್ಲ.

ನಮ್ಮ ದೇವಸ್ಥಾನಗಳಲ್ಲಿ ಫೋಟೊಗಳಿಗೇನೂ ಕೊರತೆಯಿಲ್ಲ. ಆದರೆ ಎಲ್ಲವೂ ಅಲಂಕಾರದ ಫೋಟೊ: ಹೂವು, ರೇಷ್ಮೆ, ಬೆಳ್ಳಿ ಕವಚ. ಭಕ್ತಿಗೆ ಸರಿ, ಪೊಲೀಸರಿಗೆ ಉಪಯೋಗವಿಲ್ಲ. ಅಭಿಷೇಕ ಮುಗಿದು ಒರೆಸಿದ ಮೇಲೆ, ಅಲಂಕಾರಕ್ಕೆ ಮೊದಲು ಸಿಗುವ ಬಿಡುವಿನಲ್ಲಿ, ಅರ್ಚಕರ ಒಪ್ಪಿಗೆ ಪಡೆದು ಫೋಟೊ ತೆಗೆಯಬೇಕು. ಎದುರು, ಬೆನ್ನು, ಎರಡು ಪಕ್ಕ, ಉತ್ಸವಮೂರ್ತಿಯಾದರೆ ಪೀಠದ ಅಡಿ. ಬೆಳಕು ಒಂದು ಪಕ್ಕದಿಂದ ಬೀಳಲಿ, ಆಗ ಗುಳಿ, ಗೀರು, ಅಕ್ಷರ ಎದ್ದು ಕಾಣುತ್ತವೆ. ನೇರ ಫ್ಲ್ಯಾಶ್ ಹೊಡೆದರೆ ಹೊಳಪಷ್ಟೇ ಉಳಿಯುತ್ತದೆ. ಪೀಠ ಸೇರಿಸಿ ಒಂದು ಎತ್ತರ, ಬಿಟ್ಟು ಇನ್ನೊಂದು, ಅಗಲ, ದಪ್ಪ, ತೂಕ ಬರೆದಿಡಿ. ಏಕೆಂದರೆ ಕಳ್ಳರು ಪೀಠವನ್ನೋ ಪ್ರಭಾವಳಿಯನ್ನೋ ಬೇರ್ಪಡಿಸಿ ಮಾರುವುದುಂಟು. ಮೊಬೈಲಿನಲ್ಲಿ ತೆಗೆದರೆ ಮೂಲ ಕಡತವನ್ನೇ ಉಳಿಸಿ. ವಾಟ್ಸಾಪಿನಲ್ಲಿ ಮಾಮೂಲಿ ಫೋಟೊ ಆಗಿ ಕಳಿಸಿದ ಪ್ರತಿ ಕುಗ್ಗಿಹೋಗಿ ಸೂಕ್ಷ್ಮ ಗುರುತುಗಳು ಮಸುಕಾಗುತ್ತವೆ. ಒಂದು ಪ್ರತಿ ಗುಡಿಯಲ್ಲಿ, ಒಂದು ಮುಜರಾಯಿ ಕಚೇರಿಯಲ್ಲಿ, ಇನ್ನೊಂದು ಬೇರೆ ಊರಿನಲ್ಲಿ. ಕಳುವಾದ ದಿನವೇ ದೂರಿನ ಜೊತೆ ಇವನ್ನು ಕೊಟ್ಟರೆ ಸಿಬಿಐ ಮೂಲಕ, ದೇಶದೇಶಗಳ ಪೊಲೀಸರ ಸಂಸ್ಥೆಯಾದ ಇಂಟರ್‌ಪೋಲಿನ ಕಳುವಾದ ಕಲಾವಸ್ತುಗಳ ಪಟ್ಟಿಗೆ ಹೋಗಲು ಸಾಧ್ಯ. ಆ ಪಟ್ಟಿಯಲ್ಲಿ 50 ಸಾವಿರಕ್ಕೂ ಹೆಚ್ಚು ವಸ್ತುಗಳಿವೆ. ಐಡಿ-ಆರ್ಟ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ಅದನ್ನು ಯಾರು ಬೇಕಾದರೂ ಹುಡುಕಬಹುದು.

ಪುರಾವೆ ಇದ್ದರೆ ಎಲ್ಲವೂ ಬರುತ್ತದೆಯೆ? ಇಲ್ಲ. ಶ್ರೀರಂಗಪಟ್ಟಣದ ಹುಲಿಯನ್ನು ನೋಡಿ. ಐರೋಪ್ಯ ಸೈನಿಕನ ಮೇಲೆರಗಿದ ಟಿಪ್ಪುವಿನ ಮರದ ಹುಲಿ, ಒಳಗೆ ವಾದ್ಯದ ಕೊಳವೆಗಳು, ಹಿಡಿಕೆ ತಿರುಗಿಸಿದರೆ ಗರ್ಜನೆ. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಅರಮನೆಯಲ್ಲಿ ಸಿಕ್ಕಿ, 1808ರಿಂದ ಲಂಡನ್ನಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪ್ರದರ್ಶನಕ್ಕೆ ಬಿತ್ತು. ಈಗ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಎಲ್ಲಿಂದ, ಯಾವಾಗ, ಹೇಗೆ ಬಂತು ಎಂಬುದರಲ್ಲಿ ಅವರಿಗೂ ತಕರಾರಿಲ್ಲ. ಆದರೆ ಯುನೆಸ್ಕೊ ಒಪ್ಪಂದ ಹಿಂದಿನ ಕಾಲಕ್ಕೆ ಅನ್ವಯಿಸುವುದಿಲ್ಲ, ಮತ್ತು ಆ ಮ್ಯೂಸಿಯಂ ತನ್ನ ಸಂಗ್ರಹದ ವಸ್ತುಗಳನ್ನು ಬಿಟ್ಟುಕೊಡದಂತೆ ಬ್ರಿಟನ್ನಿನ 1983ರ ಕಾಯ್ದೆ ಕಟ್ಟಿಹಾಕಿದೆ. ಬ್ರಿಟಿಷ್ ಮ್ಯೂಸಿಯಂಗೆ 1963ರ ಕಾಯ್ದೆಯ ಬೇಲಿ. ಟಿಪ್ಪುವಿನ ಸಿಂಹಾಸನವನ್ನು ಲೂಟಿ ಹಂಚಿಕೆಗೆಂದು ಒಡೆದು ತುಂಡು ಮಾಡಿದರು. ಅದರ ಒಂದು ಚಿನ್ನದ ಹುಲಿತಲೆ ದೇಶ ಬಿಟ್ಟು ಹೋಗದಂತೆ 2021ರಲ್ಲಿ ಬ್ರಿಟನ್ ಸರ್ಕಾರ ತಾತ್ಕಾಲಿಕ ರಫ್ತು ತಡೆ ಹಾಕಿತು, ರಾಷ್ಟ್ರಕ್ಕೆ ಮಹತ್ವದ ವಸ್ತುವೆಂದು. ಯಾವ ರಾಷ್ಟ್ರಕ್ಕೆ ಎಂದು ಶ್ರೀರಂಗಪಟ್ಟಣದವರು ಕೇಳಿದರೆ ತಪ್ಪಿಲ್ಲ.

ನಗರಸಭೆಯ ಒಡೆತನದ ಮ್ಯೂಸಿಯಂಗಳಿಗೆ ಆ ಕಾಯ್ದೆಗಳ ಕಟ್ಟಿಲ್ಲ. ಅದಕ್ಕೇ ಬ್ರಿಟನ್ನಿನ ಗ್ಲಾಸ್ಗೊ ನಗರ 2022ರಲ್ಲಿ ಏಳು ವಸ್ತುಗಳನ್ನು ಭಾರತಕ್ಕೆ ಮರಳಿಸುವ ಒಪ್ಪಂದಕ್ಕೆ ಸಹಿ ಹಾಕಲು ಸಾಧ್ಯವಾಯಿತು. ದೊಡ್ಡ ಮ್ಯೂಸಿಯಂಗಳು ಕಂಡುಕೊಂಡ ಉಪಾಯ ಸಾಲ: ಘಾನಾದ ಅಸಾಂಟೆ ಜನರ ಚಿನ್ನದೊಡವೆಗಳನ್ನು 2024ರಲ್ಲಿ ಅವರಿಗೇ ಸಾಲವಾಗಿ ಕೊಟ್ಟರು. ತನ್ನದನ್ನೇ ತಾನು ಎರವಲು ತರುವುದೆಂದರೆ ಕಹಿಯೇ. ಏನೂ ಬಾರದಿರುವುದಕ್ಕಿಂತ ಮೇಲೆಂದು ಅವರು ಒಪ್ಪಿಕೊಂಡಿದ್ದಾರೆ.

ಮರಳಿ ಬಂದ ಮೇಲೆ ಯಾರ ಕೈಗೆ ಎಂಬುದು ಇನ್ನೊಂದು ಗಂಟು. ಬ್ರಿಟಿಷರು ಲೂಟಿ ಮಾಡಿ ಒಯ್ದಿದ್ದ, ನೈಜೀರಿಯಾದ ಬೆನಿನ್ ರಾಜ್ಯದ ಕಂಚಿನ ಶಿಲ್ಪಗಳ ಒಡೆತನ ಅಲ್ಲಿನ ಅರಸ ಓಬಾನದೆಂದು 2023ರಲ್ಲಿ ಅಧ್ಯಕ್ಷರ ಆದೇಶ ಬಂತು, ಕೇಂಬ್ರಿಜ್ ವಿಶ್ವವಿದ್ಯಾಲಯ ತನ್ನಲ್ಲಿದ್ದವುಗಳ ಹಸ್ತಾಂತರವನ್ನು ಮುಂದೂಡಿತು. ನಮ್ಮಲ್ಲಿ ಜಗಳ ಅರಸನದಲ್ಲ, ಬೀಗದ್ದು. ಶ್ರೀಪುರಂದಾನ್ ನಟರಾಜ ಆಸ್ಟ್ರೇಲಿಯಾದಿಂದ ಬಂದು ಕುಂಭಕೋಣದ ನ್ಯಾಯಾಲಯದ ಮುಂದೆ ಹಾಜರಾದ, ಅಲ್ಲಿಂದ ಸರ್ಕಾರದ ವಿಗ್ರಹ ಭದ್ರತಾ ಕೇಂದ್ರದ ಕೋಣೆ ಸೇರಿದ. ಗುಡಿಗೆ ಕಳಿಸಬೇಕಾದರೆ ಅಲ್ಲಿ ನಿತ್ಯಪೂಜೆ ನಡೆಯಬೇಕು, ಗಟ್ಟಿ ಬಾಗಿಲು, ಅಲಾರಂ, ರಾತ್ರಿಗೊಬ್ಬ ಕಾವಲುಗಾರ ಬೇಕು. ಕಾವಲುಗಾರನ ಸಂಬಳಕ್ಕೆ ತಿಂಗಳು ತಿಂಗಳು ದುಡ್ಡು ಬರುವ ದಾರಿ ಬೇಕು.

ನಮಸ್ಕಾರ.