ಲಾನಿನ ಹುಳಿಸೊಪ್ಪು: ಕೆಳಗೆ ಕೂತು ನೋಡಿ

ಎಲ್ಲರಿಗೂ ನಮಸ್ಕಾರ. ಗಣಪತಿ ಹಬ್ಬಕ್ಕೆ ಇನ್ನು ಮೂರು ವಾರ. ಅಷ್ಟರೊಳಗೆ ನಮ್ಮ ಸೊಸೈಟಿಯ ಲಾನಿನಲ್ಲಿ ಹಬ್ಬಿರುವ ಕಳೆಗೆ ಕಳೆನಾಶಕ ಹೊಡೆಸಬೇಕು ಅಂತ ಕಮಿಟಿಯಲ್ಲಿ ಮಾತಾಗಿದೆ. ಪುಣೆಯಲ್ಲಿರುವ ನಮಗೆ ಈ ಹಬ್ಬ ಎಷ್ಟು ದೊಡ್ಡದು ಅಂತ ನಾನು ಹೇಳಬೇಕಾಗಿಲ್ಲ. ಆದರೆ ಒಂದು ಪ್ರಶ್ನೆ. ಚೌತಿಯ ಬೆಳಿಗ್ಗೆ ಗಣಪನಿಗೆ 21 ಗರಿಕೆ ಎಲ್ಲಿಂದ ತರುತ್ತೀರಿ? ಮಕ್ಕಳು ಕಿತ್ತು ತರುವುದು ಇದೇ ಲಾನಿನಿಂದ, ಅಲ್ವಾ? ನಮ್ಮ ಲಾನಿನ ಅರ್ಧಕ್ಕಿಂತ ಜಾಸ್ತಿ ಗರಿಕೆಯೇ. ಇಲ್ಲಿನವರು ಹರಳಿ, ದೂರ್ವಾ ಅನ್ನುತ್ತಾರಲ್ಲ, ಅದೇ. ಅದರ ಮೇಲೆ ವಿಷ ಹೊಡೆದು ದೇವರ ತಲೆಗೆ ಏರಿಸುವುದೇ? ಬೇಡ ಅಂತ ಹೇಳಲು ನಿಮ್ಮ ಮುಂದೆ ನಿಂತಿದ್ದೇನೆ.

ಮೊದಲು ಈ ಕಳೆ ಯಾವುದು ನೋಡೋಣ. ವಾಟ್ಸಾಪಿನಲ್ಲಿ ಒಬ್ಬರು ಕ್ಲೋವರ್ ಅಂದರು, ಇನ್ನೊಬ್ಬರು ಕಾಡುಮೆಂತ್ಯ ಅಂದರು. ಎರಡೂ ಅಲ್ಲ. ಇದು ಹುಳಿಸೊಪ್ಪು. ಸಾಗರದ ಕಡೆ ನಮ್ಮಜ್ಜಿ ಇದರ ತಂಬುಳಿ ಮಾಡುತ್ತಿದ್ದರು. ಎಲೆ ತಿಕ್ಕಿ ತಾಮ್ರದ ಚೊಂಬನ್ನು ಫಳಫಳ ಹೊಳೆಸುತ್ತಿದ್ದರು. ಕೆಲವರು ಪುಲ್ಲಂಪುರಚಿ ಅನ್ನುತ್ತಾರೆ, ಮರಾಠಿಯಲ್ಲಿ ಆಂಬುಟಿ. ಪುಸ್ತಕದ ಹೆಸರು ಆಕ್ಸಾಲಿಸ್ ಕಾರ್ನಿಕುಲೇಟ. ಆ ಹುಳಿ ಆಕ್ಸಾಲಿಕ್ ಆಮ್ಲದ್ದು. ಮೂತ್ರಪಿಂಡದಲ್ಲಿ ಕಲ್ಲಿರುವವರು ತಂಬುಳಿಯ ಆಸೆ ಬಿಡಿ.

ಗುರುತು ಹಿಡಿಯಲು ನಿಂತು ನೋಡಿದರೆ ಆಗುವುದಿಲ್ಲ. ಕೆಳಗೆ ಕೂತು ನೋಡಿ. ಒಂದು ತೊಟ್ಟಿಗೆ ಮೂರು ಎಲೆ, ಪ್ರತಿ ಎಲೆಯೂ ಹೃದಯದ ಆಕಾರ, ತುದಿಯಲ್ಲಿ ಸೀಳು. ಕ್ಲೋವರ್ ಎಲೆ ದುಂಡಗಿರುತ್ತದೆ, ಬಹಳ ಸಲ ಮೇಲೊಂದು ಬಿಳಿಚಿದ ಗೆರೆ ಇರುತ್ತದೆ. ಹುಳಿಸೊಪ್ಪು ಸಂಜೆಯಾದರೆ ಎಲೆ ಮಡಚಿಕೊಂಡು ಮಲಗಿಬಿಡುತ್ತದೆ. ಹೂವು ಹಳದಿ, ಐದು ಎಸಳು. ಕಾಡುಮೆಂತ್ಯಕ್ಕೂ ಮೂರೇ ಎಲೆ, ಆದರೆ ಹೂವು ನೇರಳೆ, ಕಾಯಿ ಚಪ್ಪಟೆ, ಗಿಣ್ಣು ಗಿಣ್ಣು. ಇನ್ನು ಹುಳಿಸೊಪ್ಪಿನ ಕಾಯಿ ನೋಡಿ. ಬೆಂಡೆಕಾಯಿಯನ್ನು ಉಗುರಿನಷ್ಟು ಚಿಕ್ಕದು ಮಾಡಿ ನೆಟ್ಟಗೆ ನಿಲ್ಲಿಸಿದ ಹಾಗೆ. ಈ ಕಾಯಿಯನ್ನು ನೆನಪಿಟ್ಟುಕೊಳ್ಳಿ. ಇಡೀ ಜಗಳ ಇದರ ಜೊತೆಗೇ.

ಈ ಕಾಯಿಯ ಬಗ್ಗೆ ನನಗೆ ಪಾಠ ಹೇಳಿದವರು ಒಬ್ಬ ಅಜ್ಜಿ. ನಾವು ಮೊದಲಿದ್ದ ಸೊಸೈಟಿಯಲ್ಲೂ ಹೀಗೇ ಹಬ್ಬದ ಮುಂಚೆ ಗಡಿಬಿಡಿಯಾಯಿತು. ಯಾರೋ ಅಂಗಡಿಯಿಂದ ಒಂದು ಬಾಟಲಿ ತಂದರು. ಕಳೆ ಸಾಯುತ್ತದೆ ಅಂದರು, ಹೊಡೆಸಿದರು. ಶನಿವಾರ ಹೊಡೆದದ್ದು. ಮುಂದಿನ ಶನಿವಾರ ಲಾನು ಹಳದಿ ತಿರುಗಿತು. ಇನ್ನೊಂದು ವಾರಕ್ಕೆ ಗರಿಕೆ, ಕಳೆ, ಅಂಚಿನ ಸೇವಂತಿಗೆ ಎಲ್ಲ ಒಣಗಿ ಹೋಗಿತ್ತು. ಅದು ಗ್ಲೈಫೋಸೇಟ್. ಅದಕ್ಕೆ ಹುಲ್ಲು ಬೇರೆ, ಕಳೆ ಬೇರೆ ಅಂತ ಗೊತ್ತಾಗುವುದಿಲ್ಲ. ಆ ವರ್ಷ ಮಕ್ಕಳು ಗರಿಕೆಗೆ ಮಂಡಯಿ ಮಾರುಕಟ್ಟೆಗೆ ಹೋದರು. ನನಗೆ ತುಂಬ ಬೇಸರವಾಯಿತು.

ಆಮೇಲೆ ಮಳೆ ಬಂತು. ಬೋಳು ನೆಲದಲ್ಲಿ ಮೊದಲು ಎದ್ದದ್ದು ಯಾವುದು ಗೊತ್ತೇ? ಇದೇ ಹುಳಿಸೊಪ್ಪು! ಅಕ್ಕಲಕೋಟೆ ಕಡೆಯ ಆ ಅಜ್ಜಿ ಅಲ್ಲಿ ಕೆಲಸಕ್ಕೆ ಬರುತ್ತಿದ್ದರು. ಎಲ್ಲರ ಜೊತೆ ಮರಾಠಿ ಮಾತಾಡುವವರು ನನ್ನ ಜೊತೆ ಮಾತ್ರ ಕನ್ನಡ. ಅವರು ನನ್ನನ್ನು ಕಳೆ ಕೀಳುವ ಖುರಪೆಯ ಪಕ್ಕ ಕೂರಿಸಿದರು. ಬಲಿತ ಒಂದು ಕಾಯಿಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿದರು. ಟಪ್ ಅಂತ ಬೀಜ ಸಿಡಿದು ನನ್ನ ಕನ್ನಡಕಕ್ಕೆ ಬಡಿಯಿತು. ಇಬ್ಬರೂ ನಕ್ಕೆವು. ಆಮೇಲೆ ಅವರು ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ: "ಇದು ಸಿಡಿಯೂದಕ್ಕ ಮೊದ್ಲ ಕೀಳ್ರಿ. ಸಿಡಿದ ಮ್ಯಾಲ ವರ್ಷಪೂರ್ತಿ ಕೀಳಬೇಕಾಕ್ಕೈತಿ."

ಎಷ್ಟು ನಿಜ ನೋಡಿ. ಒಂದು ಕಾಯಿಯಲ್ಲಿ ಹತ್ತಾರು ಬೀಜ, ಸಿಡಿದರೆ ಕೆಲವು ಅಡಿ ದೂರ ಹೋಗುತ್ತವೆ. ಬೀಜ ಮೊಳೆಯಲು ಬೆಳಕು ಬೇಕು. ಹುಲ್ಲು ದಟ್ಟವಾಗಿದ್ದರೆ ನೆಲಕ್ಕೆ ಬೆಳಕು ಬೀಳುವುದಿಲ್ಲ. ಹುಲ್ಲನ್ನೇ ಕೊಂದು ನಾವು ಬೀಜಕ್ಕೆ ಬೆಳಕು ಕೊಟ್ಟೆವು.

ಹಾಗಾದರೆ ಏನು ಮಾಡಬೇಕು? ಮಳೆ ನಿಂತ ಮರುದಿನ ಬೆಳಿಗ್ಗೆ, ಮಣ್ಣು ಮೆತ್ತಗಿರುವಾಗ, ಕೆಳಗೆ ಕೂತು ಕೀಳಬೇಕು. ತೆವಳುವ ದಂಟನ್ನು ಸುಮ್ನೆ ಎಳೆಯಬೇಡಿ. ಅದು ಗಿಣ್ಣು ಗಿಣ್ಣಿಗೆ ಬೇರು ಬಿಟ್ಟಿರುತ್ತದೆ, ತುಂಡಾದರೆ ಪ್ರತಿ ತುಂಡೂ ಹೊಸ ಗಿಡ. ದಂಟಿನ ಜಾಡು ಹಿಡಿದು ನಡುವಿನ ತಾಯಿಬೇರಿಗೆ ಹೋಗಿ, ಅಲ್ಲಿ ಖುರಪೆ ಹಾಕಿ. ಕಾಯಿ ಬಂದಿದ್ದರೆ ಚೀಲದೊಳಗೆ ಹಾಕಿ, ಗೊಬ್ಬರದ ಗುಂಡಿಗೆ ಬೇಡ. ವಾರಕ್ಕೆ ಒಂದು ಸಲ, ಆರು ವಾರ. ಆಗ ನೋಡಿ ವ್ಯತ್ಯಾಸ.

ಮಷೀನಿನಿಂದ ಇದು ಹೋಗುವುದಿಲ್ಲ. ಬ್ಲೇಡಿಗೆ ಸಿಗದ ಹಾಗೆ ಅಂಟಿಕೊಂಡು ಬೆಳೆಯುತ್ತದೆ. ನಾವು ಹುಲ್ಲನ್ನು ಚರ್ಮಕ್ಕೆ ಅಂಟಿಸಿದ ಹಾಗೆ ಕತ್ತರಿಸುತ್ತೇವಲ್ಲ, ಅದು ಹುಳಿಸೊಪ್ಪಿಗೆ ಹಬ್ಬದೂಟ. ಒಂದೂವರೆ ಇಂಚಾದರೂ ಬಿಡಿ. ಒಂದೇ ಸಲಕ್ಕೆ ಮೂರರಲ್ಲಿ ಒಂದು ಭಾಗಕ್ಕಿಂತ ಜಾಸ್ತಿ ಕತ್ತರಿಸಬೇಡಿ. ಬೋಳು ಜಾಗದಲ್ಲಿ ಗರಿಕೆಯ ಗೆಣ್ಣು ನೆಡಿ, ಈ ಮಳೆಯಲ್ಲಿ ತಾನಾಗಿ ಹರಡುತ್ತದೆ. ಮಳೆಗಾಲ ಮುಗಿದ ಮೇಲೆ ದಿನವೂ ಚಿಮುಕಿಸುವ ಬದಲು ಎರಡು ಮೂರು ದಿನಕ್ಕೊಮ್ಮೆ ಆಳಕ್ಕೆ ಇಳಿಯುವ ಹಾಗೆ ನೀರು ಕೊಡಿ. ಮೇಲ್ಮಣ್ಣು ಸದಾ ಹಸಿಯಾಗಿದ್ದರೆ ಬೀಜಕ್ಕೆ ಅನುಕೂಲ.

ಬರೀ ಕಳೆಗೆ ಹೊಡೆಯುವ ಔಷಧಿ ಇದೆಯಲ್ಲ ಅಂತ ನೀವು ಕೇಳುತ್ತೀರಿ. ಇದೆ, 2,4-ಡಿ. ಅಗಲ ಎಲೆಯ ಗಿಡ ಸಾಯುತ್ತದೆ, ಹುಲ್ಲು ಉಳಿಯುತ್ತದೆ. ಆದರೆ ಹುಳಿಸೊಪ್ಪಿನ ಮೇಲೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ಬಾಡಿದ ಹಾಗೆ ಕಾಣುತ್ತದೆ, ಬೇರಿನಿಂದ ಮತ್ತೆ ಚಿಗುರುತ್ತದೆ. ಗಾಳಿಯಲ್ಲಿ ಹನಿ ತೇಲಿಹೋದರೆ ನೆಲಮಹಡಿಯವರ ಟೊಮೆಟೊ, ಗುಲಾಬಿ ಸೊಟ್ಟಗಾಗುತ್ತವೆ. ಗ್ಲೈಫೋಸೇಟಿನ ಬಗ್ಗೆ ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲೇ ಆದೇಶ ಹೊರಡಿಸಿದೆ. ಕೀಟನಿಯಂತ್ರಣದ ಪರವಾನಗಿ ಇರುವವರು ಮಾತ್ರ ಬಳಸಬಹುದು ಅಂತ ಅದರಲ್ಲಿ ಹೇಳಿತ್ತು. ನಮ್ಮ ವಾಚ್‌ಮನ್ ಕೈಗೆ ಪಂಪು ಕೊಟ್ಟು ಹೊಡೆಸುವುದು ತಪ್ಪು. ಅವರಿಗೂ ಮೈ ಇದೆ.

ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಬೇಗ ಎರಡು ಮಾತು. ಈ ಕಳೆ ಹೆಚ್ಚಾಗಿ ನರ್ಸರಿಯ ಕುಂಡದ ಜೊತೆಗೇ ಬರುತ್ತದೆ. ಹೊಸ ಗಿಡ ತಂದ ದಿನವೇ ಕುಂಡದ ಮೇಲಿನ ಮಣ್ಣು ನೋಡಿ. ಗುಲಾಬಿ ಹೂವಿನ ಹುಳಿಸೊಪ್ಪು ಸಿಕ್ಕರೆ ಮಣ್ಣಿನೊಳಗೆ ಗೆಡ್ಡೆ ಇರುತ್ತದೆ, ಅದನ್ನು ಬುಡಸಮೇತ ಅಗೆಯಬೇಕು. ಇನ್ನೊಂದು, ಗೋಡೆಯ ಬದಿ ಒಂದು ಮೂಲೆಯಲ್ಲಿ ಸ್ವಲ್ಪ ಹುಳಿಸೊಪ್ಪು ಬಿಡೋಣ. ನೆಲಕ್ಕೆ ಹತ್ತಿರ ಹಾರುವ ಪುಟ್ಟ ನೀಲಿ ಚಿಟ್ಟೆ ನೋಡಿದ್ದೀರಲ್ಲ, ಅದರ ಮರಿಹುಳು ತಿನ್ನುವುದು ಇದನ್ನೇ. ಆ ಮೂಲೆಯ ಕಾಯಿಗಳನ್ನು ನಾನು ನೋಡಿಕೊಳ್ಳುತ್ತೇನೆ.

ಕಮಿಟಿಯವರಲ್ಲಿ ಕೈಮುಗಿದು ಕೇಳುತ್ತೇನೆ, ಪಂಪು ಬೇಡ. ಭಾನುವಾರ ಬೆಳಿಗ್ಗೆ ಏಳಕ್ಕೆ ಲಾನಿಗೆ ಬನ್ನಿ. ಹತ್ತು ಖುರಪೆ ತಂದಿಟ್ಟಿದ್ದೇನೆ. ಮೊಣಕಾಲು ನೋವಿರುವವರಿಗೆ ಚಿಕ್ಕ ಸ್ಟೂಲ್ ಇದೆ. ಮಕ್ಕಳನ್ನೂ ಕರೆದುಕೊಂಡು ಬನ್ನಿ, ಕಾಯಿ ಹುಡುಕುವುದರಲ್ಲಿ ಅವರ ಕಣ್ಣು ನಮಗಿಂತ ಚುರುಕು.